ಹಳೆ ಇಂಪಲ್ಸ್: ಮಳೆಗಾಲಕ್ಕೆ ಮೊದಲು ಎಂತೆಲ್ಲ ಮಾಡಿಸಬೇಕು?

ಪಡ್ರೆಯವ

ಎಲ್ಲರಿಗೂ ನಮಸ್ಕಾರ. ಕಾಸರಗೋಡಿನ ಸ್ವರ್ಗ ಎಂಬ ಊರಿನ ಹತ್ತಿರ ನಮ್ಮ ಅಡಿಕೆ ತೋಟ. ಮಾವ 2012ರಲ್ಲಿ ಪುತ್ತೂರಿನಲ್ಲಿ ತೆಗೆದಿದ್ದ ಹೀರೋ ಇಂಪಲ್ಸ್ ಬೈಕನ್ನು ಈಗ ನನಗೆ ಕೊಟ್ಟಿದ್ದಾರೆ. ಅವರಿಗೆ ಮಂಡಿನೋವು, ಅಷ್ಟು ಎತ್ತರದ ಗಾಡಿಗೆ ಕಾಲು ಎತ್ತಿ ಹಾಕಲಿಕ್ಕೆ ಆಗುವುದಿಲ್ಲ. ಸುಮಾರು ಸಮಯ ಹಟ್ಟಿಯ ಬದಿಯಲ್ಲಿ ನಿಂತೇ ಇತ್ತು. ನಂಬರ್ ಕೆಎ 21.

ನಮಗೆ ಇದು ಶೋಕಿಗಲ್ಲ. ಮನೆಯಿಂದ ಮೇಲಿನ ತೋಟಕ್ಕೆ ಮೊದಲು ಕಡಿದಾದ ಕಾಂಕ್ರೀಟ್ ಏರು, ಮತ್ತೆ ಮುರಕಲ್ಲಿನ ದಾರಿ, ನಡುವೆ ಒಂದು ತೋಡು (ಸಣ್ಣ ಹಳ್ಳ). ಸ್ಕೂಟರಿನ ಅಡಿ ತಾಗ್ತದೆ, ಜೀಪಿಗೆ ಅಗಲ ಸಾಲದು. ಅಡಿಕೆಗೆ ಮದ್ದು ಬಿಡುವ ಸಮಯದಲ್ಲಿ ಮೈಲುತುತ್ತು (ತಾಮ್ರದ ಸಲ್ಫೇಟ್), ಸುಣ್ಣ ಎಲ್ಲ ಈಗ ತಲೆಹೊರೆಯಲ್ಲೇ ಹೋಗುವುದು. ಕೆಲಸ ಮುಗಿದ ಭಾನುವಾರ ಪೊಸಡಿ ಗುಂಪೆ ಗುಡ್ಡದ ಕಡೆಗೆ ಒಂದು ಸುತ್ತು ಹೋಗಿ ಬರುವ ಆಸೆಯೂ ಉಂಟು, ಅದನ್ನು ಮುಚ್ಚಿಡುವುದಿಲ್ಲ.

ಗಾಡಿಯ ಸ್ಥಿತಿ ಹೀಗೆ: ಚೋಕ್ ಎಳೆದರೆ ಸ್ಟಾರ್ಟ್ ಆಗ್ತದೆ, ಚೋಕ್ ಒತ್ತಿದ ಕೂಡಲೇ ಆರ್ತದೆ. ಎಕ್ಸಲರೇಟರ್ ಅರ್ಧಕ್ಕೆ ಬರುವಾಗ ಮುಕ್ಕರಿಸಿ ಮತ್ತೆ ಎಳೀತದೆ. ಎದುರಿನ ಎಡದ ಫೋರ್ಕಿನಿಂದ ಎಣ್ಣೆ ಜಿನುಗ್ತದೆ. ಹ್ಯಾಂಡಲ್ ನೇರಕ್ಕೆ ಬರುವಾಗ ‘ಕಟಕ್’ ಎಂದು ಒಂದು ಕಡೆ ಕೂರ್ತದೆ. ಹಿಂದಿನ ಚಕ್ರ ಬದಿಗೆ ಅಲುಗಾಡ್ತದೆ. ಇಂಜಿನಿನ ಸದ್ದು ಚೆನ್ನಾಗಿಯೇ ಉಂಟು, ಹೊಗೆ ಇಲ್ಲ.

ಒಂದು ಶೋರೂಮಿನಲ್ಲಿ ಕೇಳಿದ್ದಕ್ಕೆ ‘ಇದರ ಪಾರ್ಟ್ಸ್ ಸಿಗುವುದಿಲ್ಲ, ಕೊಟ್ಟುಬಿಡಿ’ ಎಂದರು. ನನಗೆ ಕೊಡಲಿಕ್ಕೆ ಮನಸ್ಸಿಲ್ಲ. ಯಾವುದನ್ನು ಮೊದಲು ಮಾಡಿಸಬೇಕು, ಯಾವುದು ಕಾಯಬಹುದು? ಆರ್‌ಸಿಯ ಅವಧಿಯೂ 2027ಕ್ಕೆ ಮುಗಿಯುವುದು.

ಕುಂಬಳೆಯವ

ಬೇಸರ ಮಾಡಬೇಡಿ, ನಾನು ಶೋರೂಮಿನವರ ಮಾತನ್ನೇ ಹೇಳುವವ. ಹೀರೋದ್ದೇ ಎಕ್ಸ್‌ಪಲ್ಸ್ ಬೈಕು 2019ರಲ್ಲಿ ಬಂತು, ಈಗ ಸೆಕೆಂಡ್ ಹ್ಯಾಂಡ್ ಬೇಕಾದಷ್ಟು ಸಿಗ್ತದೆ. 200 ಸಿಸಿ, ಎದುರು 21 ಇಂಚಿನ ಚಕ್ರ, ಪಾರ್ಟ್ಸಿಗೆ ಅಲೆದಾಟ ಇಲ್ಲ. ಇಂಪಲ್ಸಿಗೆ ಹಾಕುವ ದುಡ್ಡು ಅದಕ್ಕೆ ಹಾಕಿದರೆ ಹತ್ತು ವರ್ಷ ನಿಶ್ಚಿಂತೆ. ನನ್ನಲ್ಲಿ ಅದೇ ಇರುವುದು, ಸೀತಾಂಗೋಳಿ ಕಡೆಯ ಪದವಿನಲ್ಲೆಲ್ಲ (ಗುಡ್ಡದ ಮೇಲಿನ ಕಲ್ಲುಬಯಲು) ಓಡಿಸಿದ್ದೇನೆ, ದೂರು ಇಲ್ಲ.

ಮುಳ್ಳೇರಿಯ ವರ್ಕ್‌ಶಾಪ್

ಪಡ್ರೆಯವರೇ, ಕೊಡಬೇಡಿ. ಕುಂಬಳೆಯವರು ಹೇಳಿದ್ದರಲ್ಲಿ ತಪ್ಪಿಲ್ಲ, ಎಕ್ಸ್‌ಪಲ್ಸ್ ಒಳ್ಳೆಯ ಗಾಡಿ. ಆದರೆ ಅದು 150 ಕಿಲೋ ದಾಟಿದ ಗಾಡಿ, ನಿಮ್ಮದು 134 ಕಿಲೋ. ತೋಡಿನ ಬರೆಯಲ್ಲಿ ಗಾಡಿ ಅಡ್ಡ ಬಿದ್ದರೆ ಒಬ್ಬನೇ ಎತ್ತಬೇಕಾದವನಿಗೆ ಆ ವ್ಯತ್ಯಾಸ ಗೊತ್ತಾಗ್ತದೆ. ಅಡಿಯಿಂದ ನೆಲಕ್ಕೆ ಇಂಪಲ್ಸಿನಲ್ಲಿ 245 ಮಿಲಿಮೀಟರ್ ಉಂಟು, ಎಕ್ಸ್‌ಪಲ್ಸಿನಲ್ಲಿ 220. ಮುರಕಲ್ಲು ಎದ್ದ ದಾರಿಗೆ ಅದೂ ಲೆಕ್ಕಕ್ಕೆ ಬರ್ತದೆ. ನಾನು ಆದೂರು ಕಡೆಯ ರಬ್ಬರ್ ತೋಟಕ್ಕೆ ಹೋಗುವುದು ಇದೇ ಗಾಡಿಯಲ್ಲಿ, ಹಾಗಾಗಿ ಇದರ ಎಲುಬು ಎಲುಬು ಗೊತ್ತುಂಟು.

ನಮ್ಮ ಕಡೆ ಇಂಥ ಗಾಡಿಗಳನ್ನು ಕೊಲ್ಲುವುದು ನೀರು. ಜೂನಿನಿಂದ ಸೆಪ್ಟೆಂಬರ್ ತನಕ ಕೆಂಪು ಕೆಸರು ನೀರು ಗ್ರೀಸ್ ಇದ್ದ ಜಾಗಕ್ಕೆಲ್ಲ ನುಗ್ತದೆ. ಇಂಜಿನ್ ಆಯಿಲ್ ಎಲ್ಲರೂ ಬದಲಿಸ್ತಾರೆ. ಹ್ಯಾಂಡಲ್ಲಿನ ಒಳಗೆ, ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮಿನ ಒಳಗೆ ಎಂತ ಆಗಿದೆ ಎಂದು ಬಿಚ್ಚಿ ನೋಡುವವರಿಲ್ಲ. ನೀವು ಹೇಳಿದ ದೂರುಗಳಲ್ಲಿ ಹೆಚ್ಚಿನವು ಅದರದ್ದೇ.

ಮೊದಲು ಹ್ಯಾಂಡಲ್. ಆ ‘ಕಟಕ್’ ಎಂದರೆ ಕೋನ್‌ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಹೋಗಿದೆ. ಗಾಡಿ ಗುಂಡಿಗೆ ಬೀಳುವಾಗೆಲ್ಲ ಹ್ಯಾಂಡಲ್ ನೇರ ಇರ್ತದೆ, ಪೆಟ್ಟು ಯಾವಾಗಲೂ ಅದೇ ಜಾಗಕ್ಕೆ. ಗ್ರೀಸ್ ತೊಳೆದುಹೋದ ಮೇಲೆ ಗುಂಡುಗಳು ತಾವು ಓಡುವ ಬಳೆಯಲ್ಲಿ (ರೇಸ್) ಕುಳಿ ಕೊರೀತವೆ. ಮೇಲಿನ ನಟ್ಟು ಬಿಗಿ ಮಾಡಿ ‘ಸರಿ ಆಯಿತು’ ಎನ್ನುವವರಿದ್ದಾರೆ, ಅದನ್ನು ಒಪ್ಪಬೇಡಿ. ಬಿಗಿ ಮಾಡಿದರೆ ಕುಳಿ ಇನ್ನೂ ಗಟ್ಟಿ ಹಿಡೀತದೆ. ಇಂಜಿನ್ ಅಡಿಗೆ ಮರದ ತುಂಡು ಕೊಟ್ಟು ಎದುರಿನ ಚಕ್ರ ಎತ್ತಿ, ಹ್ಯಾಂಡಲನ್ನು ಒಂದು ಬೆರಳಿನಲ್ಲಿ ತಿರುಗಿಸಿ ನೋಡಿ. ನಡುವಿನಲ್ಲಿ ನಿಂತರೆ ಪೂರ್ತಿ ಸೆಟ್ ಬದಲಿಸುವುದೇ. ಕಡಿದಾದ ಏರಿನಲ್ಲಿ ನಿಧಾನ ಹೋಗುವಾಗ ನಾವು ಹ್ಯಾಂಡಲನ್ನು ಅತ್ತ ಇತ್ತ ಸ್ವಲ್ಪ ಸ್ವಲ್ಪ ತಿದ್ದುತ್ತಲೇ ಇರ್ತೇವೆ. ಅದು ನಡುವಿನಲ್ಲಿ ಕೂತುಬಿಟ್ಟರೆ ತಿದ್ದಲಿಕ್ಕೆ ಆಗುವುದಿಲ್ಲ, ಬೀಳುವುದು ಅಲ್ಲಿಯೇ. ಹಾಗಾಗಿ ಇದಕ್ಕೇ ಒಂದನೇ ಸ್ಥಾನ.

ಎರಡನೆಯದು ಹಿಂದಿನ ಅಲುಗಾಟ. ಮೊದಲು ಚಕ್ರದ ಬೇರಿಂಗೋ ಸ್ವಿಂಗ್ ಆರ್ಮಿನ ಬುಶ್ಶೋ ಎಂದು ಗೊತ್ತು ಮಾಡಿಕೊಳ್ಳಿ. ಚಕ್ರ ಹಿಡಿದು ಬದಿಗೆ ಅಲುಗಿಸುವಾಗ ಇನ್ನೊಬ್ಬರು ಸ್ವಿಂಗ್ ಆರ್ಮಿಗೆ ಕೈ ಇಟ್ಟು ನೋಡಲಿ. ಆರ್ಮ್ ಸಮೇತ ಅಲುಗಿದರೆ ಬುಶ್. ಅದರ ಉದ್ದ ಬೋಲ್ಟ್ ಹೊರಗೆ ಬರುವುದೇ ದೊಡ್ಡ ಕೆಲಸ. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಸುತ್ತಿಗೆ ಹಾಕುವ ಮೊದಲು ನಟ್ಟನ್ನು ಬೋಲ್ಟಿನ ತುದಿಯ ಸಮಕ್ಕೆ ತಿರುಗಿಸಿ ಬಿಡಿ, ಥ್ರೆಡ್ ಉಳೀತದೆ. ನಾನು ಬಿಚ್ಚಿದ ಹೆಚ್ಚಿನ ಗಾಡಿಗಳಲ್ಲಿ ಆ ಬೋಲ್ಟಿನ ಜೊತೆ ಗ್ರೀಸಿನ ಬದಲು ಇಟ್ಟಿಗೆ ಪುಡಿಯ ಹಾಗೆ ಕೆಂಪು ಹಿಟ್ಟು ಉದುರ್ತದೆ. ತುಕ್ಕು ಮತ್ತು ಮುರಮಣ್ಣು ಸೇರಿ ಗಟ್ಟಿಯಾದದ್ದು ಅದು. ಬುಶ್ ಸಿಗದಿದ್ದರೆ ಹೆದರಬೇಡಿ, ಹಳೆಯದರ ಅಳತೆಗೆ ಲೇತಿನಲ್ಲಿ ಗನ್‌ಮೆಟಲ್ ಬುಶ್ ಕಡೆಸಬಹುದು. ಆಮೇಲೆ ವರ್ಷಕ್ಕೊಮ್ಮೆ ಮಳೆ ಬಿಟ್ಟ ಮೇಲೆ ಬೋಲ್ಟ್ ಎಳೆದು ಗ್ರೀಸ್ ತುಂಬಿಸಿ. ಇದೊಂದನ್ನು ನೀವೇ ಕಲಿತುಕೊಂಡರೆ ಗಾಡಿ ನಿಮ್ಮ ಮಗನಿಗೂ ಆಗ್ತದೆ.

ಫೋರ್ಕ್ ಸೀಲನ್ನು ಕೂಡಲೇ ಬದಲಿಸಬೇಡಿ. ಧೂಳಿನ ಮುಚ್ಚಳ ಎತ್ತಿ, ಹಳೆ ಎಕ್ಸ್‌ರೇ ಫಿಲ್ಮಿನ ಒಂದು ತುಂಡಿಗೆ ಕೊಕ್ಕೆಯ ಆಕಾರ ಕೊಟ್ಟು ಸೀಲಿನ ತುಟಿಯ ಒಳಗೆ ಸುತ್ತಲೂ ಎಳೆಯಿರಿ. ಎಷ್ಟೋ ಸಲ ಒಂದು ಮರಳಿನ ಕಣ ಸಿಕ್ಕಿಕೊಂಡದ್ದಷ್ಟೇ ಆಗಿರ್ತದೆ, ತೆಗೆದರೆ ಜಿನುಗುವುದು ನಿಲ್ತದೆ. ನಿಲ್ಲದಿದ್ದರೆ ಪೈಪಿಗೆ ಉಗುರು ಸವರಿ ನೋಡಿ. ಉಗುರಿಗೆ ತಾಗುವ ತುಕ್ಕಿನ ಚುಕ್ಕೆ ಇದ್ದರೆ ಹೊಸ ಸೀಲನ್ನೂ ಅದು ಕುಯ್ಯುವುದೇ. ಸೀಲ್ ಹಾಕಿಸುವುದಾದರೆ ಎರಡೂ ಬದಿಯದ್ದು ಒಟ್ಟಿಗೆ, ಎಣ್ಣೆಯೂ ಎರಡರಲ್ಲಿ ಸಮ. ರಬ್ಬರ್ ಬೂಟು ಇದ್ದರೆ ಮಳೆಗಾಲದಲ್ಲಿ ಆಗಾಗ ಎತ್ತಿ ಒರೆಸಿ, ಅದರ ಒಳಗೆ ಕೆಸರು ನೀರು ನಿಲ್ತದೆ. ಜಿನುಗಿದ ಎಣ್ಣೆ ಡಿಸ್ಕಿಗೆ ತಾಗದಂತೆ ನೋಡಿ. ತಾಗಿದರೆ ಬ್ರೇಕ್ ಹಿಡಿಯುವುದಿಲ್ಲ, ಪ್ಯಾಡ್ ಬದಲಿಸಬೇಕಾಗ್ತದೆ.

ಇನ್ನು ಕಾರ್ಬುರೇಟರ್. ಚೋಕ್ ಇದ್ದರೆ ಮಾತ್ರ ಓಡ್ತದೆ ಎಂದರೆ ಪೆಟ್ರೋಲ್ ಸಾಲುವುದಿಲ್ಲ ಎಂದರ್ಥ, ಸಣ್ಣ ಜೆಟ್ (ಪೆಟ್ರೋಲ್ ಬರುವ ಸಣ್ಣ ತೂತು) ಕಟ್ಟಿದೆ. ಈಗ ಬಂಕಿನಲ್ಲಿ ಸಿಗುವುದು 20 ಶೇಕಡಾ ಎಥನಾಲ್ ಸೇರಿದ ಪೆಟ್ರೋಲ್. ಎಥನಾಲ್ ಗಾಳಿಯ ತೇವ ಎಳೆದುಕೊಳ್ತದೆ. ನಿಂತ ಗಾಡಿಯಲ್ಲಿ ನೀರು ಹೆಚ್ಚಾದರೆ ಅದು ಎಥನಾಲ್ ಸಮೇತ ಬೇರೆಯಾಗಿ ತಳಕ್ಕೆ ಇಳೀತದೆ. ನಮ್ಮ ಊರಿನ ಹವೆಯಲ್ಲಿ ಕೇಳುವುದೇ ಬೇಡ. ಕಾರ್ಬುರೇಟರಿನ ಬುಡದಲ್ಲಿ ಡ್ರೈನ್ ಸ್ಕ್ರೂ ಉಂಟು, ಅದನ್ನು ಬಿಟ್ಟು ಬಂದ ಪೆಟ್ರೋಲನ್ನು ಒಂದು ಗಾಜಿನ ಬಾಟ್ಲಿಯಲ್ಲಿ ಹಿಡಿಯಿರಿ. ಸ್ವಲ್ಪ ಹೊತ್ತು ಬಿಟ್ಟರೆ ನೀರು ಅಡಿಯಲ್ಲಿ ಬೇರೆಯಾಗಿ ಕಾಣ್ತದೆ. ಕಂಡರೆ ಟ್ಯಾಂಕನ್ನೂ ಖಾಲಿ ಮಾಡಿ ಒಳಗೆ ಟಾರ್ಚ್ ಬಿಟ್ಟು ತುಕ್ಕು ನೋಡಬೇಕು. ಜೆಟ್ಟಿಗೆ ತಂತಿ ಚುಚ್ಚಬೇಡಿ, ತೂತು ದೊಡ್ಡದಾದರೆ ಮತ್ತೆ ಸರಿ ಆಗುವುದಿಲ್ಲ. ಕ್ಲೀನರ್ ಹೊಡೆದು ಗಾಳಿ ಬಿಡಿ. ಪೆಟ್ರೋಲ್ ಪೈಪು ಹಳೆಯದ್ದಾದರೆ ಕೇಳದೆ ಬದಲಿಸಿ, ಆ ಕಾಲದ ರಬ್ಬರು ಇಷ್ಟು ಎಥನಾಲಿಗೆಂದು ಮಾಡಿದ್ದಲ್ಲ.

ಅರ್ಧದಲ್ಲಿ ಮುಕ್ಕರಿಸುವುದಕ್ಕೆ ನನ್ನ ಅನುಮಾನ ಕಾರ್ಬುರೇಟರಿನ ಮೇಲ್ಭಾಗದ ರಬ್ಬರ್ ಡಯಾಫ್ರಮ್ (ತೆಳು ಪೊರೆ) ಮೇಲೆ. ಅದನ್ನು ತೆಗೆದು ಬೆಳಕಿಗೆ ಹಿಡಿದು ಮೆಲ್ಲ ಎಳೆದು ನೋಡಿ. ಮಡಿಕೆಯಲ್ಲಿ ಸೂಜಿಮೊನೆಯಷ್ಟು ಬೆಳಕು ಕಂಡರೂ ಸಾಕು, ಅದೇ ಕಳ್ಳ. ಕ್ಲೀನರನ್ನು ಅದರ ಮೇಲೆ ಹೊಡೆಯಲೇಬೇಡಿ, ರಬ್ಬರ್ ಉಬ್ಬಿ ಮತ್ತೆ ಅದರ ಜಾಗಕ್ಕೆ ಕೂರುವುದಿಲ್ಲ. ಅದು ಸರಿ ಇದ್ದರೆ ಕಾರ್ಬುರೇಟರಿಗೂ ಇಂಜಿನಿಗೂ ನಡುವಿನ ರಬ್ಬರ್ ಬಿರಿದಿದೆಯೋ ನೋಡಿ.

ನೀವು ಮೈಲುತುತ್ತಿನ ವಿಷಯ ಹೇಳಿದ್ದು ಒಳ್ಳೆಯದಾಯಿತು. ಅಡಿಕೆ ತೋಟದ ಗಾಡಿಗಳಿಗೆ ಇದರ ಪೆಟ್ಟು ಯಾರೂ ಎಣಿಸುವುದಿಲ್ಲ. ಮೈಲುತುತ್ತಿನ ನೀರು ಕಬ್ಬಿಣವನ್ನೂ ಅಲ್ಯುಮಿನಿಯಮ್ಮನ್ನೂ ತಿನ್ನುತ್ತದೆ. ನೀರು ಬಿದ್ದ ಕಬ್ಬಿಣದ ಮೇಲೆ ತಾಮ್ರದ ಕೆಂಪು ಹತ್ತುವುದನ್ನು ನೀವೂ ಕಂಡಿರಬಹುದು. ಚಕ್ರದ ಕಡ್ಡಿಗಳು, ರಿಮ್ಮು, ಚೈನು ಎಲ್ಲ ಹಾಳು. ಚೀಲ ಕಟ್ಟುವ ಮೊದಲು ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ. ಮದ್ದು ಬಿಟ್ಟ ದಿನ ಸಂಜೆ ಗಾಡಿಗೆ ಸಾದಾ ನೀರು ಹೊಯ್ದು ತೊಳೆಯಿರಿ, ಚೈನಿಗೆ 90 ನಂಬರಿನ ಗೇರ್ ಆಯಿಲ್ ಹಚ್ಚಿ ಬಟ್ಟೆಯಲ್ಲಿ ಒರೆಸಿ. ಇಂಜಿನಿನಿಂದ ತೆಗೆದ ಕರಿ ಆಯಿಲ್ ಚೈನಿಗೆ ಬೇಡ, ಅದರಲ್ಲಿ ಇರುವುದೇ ಲೋಹದ ಪುಡಿ. ಪ್ರೆಶರ್ ಪಂಪಿನಲ್ಲಿ ಚಕ್ರದ ನಡುವಿಗೂ ಹ್ಯಾಂಡಲ್ಲಿನ ಬುಡಕ್ಕೂ ಹೊಡೆಸಬೇಡಿ, ಇದ್ದ ಗ್ರೀಸೂ ಹೋಗ್ತದೆ.

ವಿಟ್ಲದ ಸವಾರ

ಮುಳ್ಳೇರಿಯದವರು ಹೇಳಿದ ಮೇಲೆ ನಾನು ಸೇರಿಸಲಿಕ್ಕಿರುವುದು ಪಾರ್ಟ್ಸಿನ ವಿಷಯ ಮಾತ್ರ. ‘ಸಿಗುವುದಿಲ್ಲ’ ಎನ್ನುವುದು ಅರ್ಧ ಸತ್ಯ. 2011ರಲ್ಲಿ ಬಂದ ಈ ಗಾಡಿಯ ರೂಪ ಬ್ರೆಜಿಲಿನಲ್ಲಿ ಮಾರುತ್ತಿದ್ದ ಹೋಂಡಾ ಬ್ರಾಸ್ 150ರದ್ದು, ಆದರೆ 149.2 ಸಿಸಿ ಇಂಜಿನ್ ನಮ್ಮ ಹಂಕ್, ಸಿಬಿಜೆಡ್ ಎಕ್ಸ್‌ಟ್ರೀಮ್ ಮನೆತನದ್ದೇ. ಹಾಗಾಗಿ ಇಂಜಿನ್ ಕಡೆಯ ಸಾಮಾನು ಹಂಕಿನ ಹೆಸರಲ್ಲಿ ಕೇಳಿ, ಹಳೆಯದ್ದನ್ನು ಪಕ್ಕಕ್ಕೆ ಇಟ್ಟು ಹೋಲಿಸಿ ತೆಗೆದುಕೊಳ್ಳಿ. ನಿಜವಾಗಿ ಕಷ್ಟ ಇರುವುದು ಪ್ಲಾಸ್ಟಿಕ್ಕು, ಟ್ಯಾಂಕು, ಎದುರಿನ ಲೈಟಿನ ಮುಖವಾಡ. ನಿಮ್ಮ ಗಾಡಿಯಲ್ಲಿ ಅವು ಸರಿ ಇದ್ದರೆ ಕಾಪಾಡಿಕೊಳ್ಳಿ, ಒಡೆದದ್ದನ್ನೂ ಬಿಸಾಡಬೇಡಿ.

ಟಯರ್: ಎದುರು 90/90-19, ಹಳೆ ಕ್ಲಾಸಿಕ್ ಬುಲೆಟಿನ ಎದುರಿನ ಅಳತೆಯೇ ಆದ್ದರಿಂದ ಪುತ್ತೂರಿನಲ್ಲೂ ಕಾಸರಗೋಡಿನಲ್ಲೂ ಸಿಗ್ತದೆ, ರಸ್ತೆಯ ಪ್ಯಾಟರ್ನ್ ಆದರೂ ನಡೀತದೆ. ಹಿಂದಿನ 110/90-17 ಗುಬ್ಬಿ (ದೊಡ್ಡ ಹಲ್ಲಿನ) ಪ್ಯಾಟರ್ನಿನಲ್ಲಿ ಬೇಕಾದರೆ ಹುಡುಕಬೇಕು. ಎಕ್ಸ್‌ಪಲ್ಸಿನದ್ದು 21 ಮತ್ತು 18 ಇಂಚು, ನಿಮಗೆ ಆಗುವುದಿಲ್ಲ. ಹಿಮಾಲಯನ್ 411ರ ಹಿಂದಿನದ್ದು 120/90-17, ಇಂಚು ಸರಿ ಆದರೂ ಅಗಲವೂ ಎತ್ತರವೂ ಹೆಚ್ಚು. ಸ್ವಿಂಗ್ ಆರ್ಮಿನ ಒಳಗೆ ಚೈನಿನ ಬದಿ ಎಷ್ಟು ಜಾಗ ಉಂಟೆಂದು ಅಳೆಯದೆ ದುಡ್ಡು ಕೊಡಬೇಡಿ.

ಕೆಎಲ್ ಹದಿನಾಲ್ಕು

ಕಾಗದಪತ್ರದ ವಿಷಯ ಯಾರೂ ಹೇಳಲಿಲ್ಲ. ಗಡಿಯ ಆರ್ಲಪದವಿನ ಆಚೆ ಕರ್ನಾಟಕದಲ್ಲಿ ಇದ್ದ ಗಾಡಿ ಈಚೆ ಕೇರಳಕ್ಕೆ ಬಂದದ್ದು ನಮಗೆ ಒಂದು ಮನೆಯಿಂದ ಇನ್ನೊಂದು ಮನೆಗೆ ಬಂದಷ್ಟೇ, ಕಾನೂನಿಗೆ ರಾಜ್ಯ ಬೇರೆ. ಒಂದು ರಾಜ್ಯದ ನಂಬರಿನ ಗಾಡಿಯನ್ನು ಇನ್ನೊಂದರಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿನ ನಂಬರ್ ಮಾಡಿಸಬೇಕು, ಮೋಟಾರು ವಾಹನ ಕಾಯಿದೆಯ 47ನೇ ಸೆಕ್ಷನ್. ಅದಕ್ಕೆ ಪುತ್ತೂರಿನಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು, ಫಾರ್ಮ್ 28. ಚಾಸಿ ನಂಬರಿನ ಪೆನ್ಸಿಲ್ ಅಚ್ಚು ಕೇಳ್ತಾರೆ, ಆ ಜಾಗದ ತುಕ್ಕು ಈಗಲೇ ಮೆಲ್ಲ ಒರೆಸಿಡಿ. ಹೆಸರು ಬದಲಿಗೆ 29 ಮತ್ತು 30, ಕೇರಳದ ಹೊಸ ನಂಬರಿಗೆ 27. ಮಾವನ ಸಹಿ ಬೇಕಾದ್ದೆಲ್ಲ ಒಂದೇ ಸಲಕ್ಕೆ ಹಾಕಿಸಿ, ಅವರನ್ನು ಮಂಡಿನೋವಿನಲ್ಲಿ ಎರಡೆರಡು ಸಲ ಓಡಾಡಿಸಬೇಡಿ.

ಇದೆಲ್ಲ ಆರ್‌ಸಿ ಜೀವಂತ ಇರುವಾಗ ಮುಗಿಸುವುದು ಒಳ್ಳೆಯದು. 15 ವರ್ಷ ಆದ ಮೇಲೆ ಐದೈದು ವರ್ಷಕ್ಕೆ ನವೀಕರಣ, ಫಾರ್ಮ್ 25. ಅರ್ಜಿಯನ್ನು ಅವಧಿ ಮುಗಿಯುವ ಮೊದಲಿನ 60 ದಿನದ ಒಳಗೆ ಹಾಕಬಹುದು. ಬೈಕಿಗೆ ನವೀಕರಣದ ಶುಲ್ಕ 2022ರ ಏಪ್ರಿಲಿನಲ್ಲಿ 1000 ರೂಪಾಯಿ ಮಾಡಿದ್ದರು, ರಾಜ್ಯದ ತೆರಿಗೆ ಬೇರೆ. ಗಾಡಿಯನ್ನು ಕಣ್ಣಾರೆ ನೋಡ್ತಾರೆ. ಸೈಲೆನ್ಸರ್ ಬದಲಿಸಿದ್ದು, ಮಡ್‌ಗಾರ್ಡ್ ಕತ್ತರಿಸಿದ್ದು ಇದ್ದರೆ ಅಲ್ಲಿಂದಲೇ ವಾಪಸ್. ಕಂಪೆನಿಯ ಸೈಲೆನ್ಸರ್ ಇದ್ದರೆ ಅದನ್ನೇ ವೆಲ್ಡ್ ಮಾಡಿಸಿ ಉಳಿಸಿಕೊಳ್ಳಿ.

ಪಡ್ರೆಯವ

ಎಲ್ಲರಿಗೂ ಉಪಕಾರ ಆಯಿತು. ಮುಳ್ಳೇರಿಯದ ಅಣ್ಣ, ನೀವು ಹೇಳಿದ ಹಾಗೆ ಡ್ರೈನ್ ಸ್ಕ್ರೂ ಬಿಟ್ಟು ಬಾಟ್ಲಿಯಲ್ಲಿ ಹಿಡಿದೆ. ಅಡಿಯಲ್ಲಿ ಒಂದು ಬೆರಳಿನಷ್ಟು ನೀರು, ಅದರ ಮೇಲೆ ಪೆಟ್ರೋಲ್. ಟ್ಯಾಂಕಿನ ಒಳಗೆ ಬಾಯಿಯ ಹತ್ತಿರ ಸ್ವಲ್ಪ ತುಕ್ಕು, ತಳ ಬೆಳ್ಳಗೆ ಉಂಟು. ಹ್ಯಾಂಡಲ್ ಬೆರಳಿನಲ್ಲಿ ತಿರುಗಿಸಿದರೆ ನಡುವಿನಲ್ಲಿ ನಿಂತೇಬಿಡ್ತದೆ. ಶನಿವಾರ ಪಿಕಪ್ಪಿನಲ್ಲಿ ಹಾಕಿ ನಿಮ್ಮಲ್ಲಿಗೆ ತರಲಾ?

ಇನ್ನೊಂದು ವಿಷಯ ಕೇಳಬೇಕು. ನಾನು ಇಷ್ಟರ ತನಕ ಓಡಿಸಿದ್ದು ಸ್ಕೂಟರ್ ಮತ್ತು ರಸ್ತೆಯ ಬೈಕು. ಮಳೆಗಾಲದಲ್ಲಿ ಆ ಕಾಂಕ್ರೀಟ್ ಏರು ಮತ್ತು ತೋಡು ದಾಟುವುದು ಹೇಗೆ?

ಮುಳ್ಳೇರಿಯ ವರ್ಕ್‌ಶಾಪ್

ತನ್ನಿ. ಟ್ಯಾಂಕ್ ಖಾಲಿ ಮಾಡಿಯೇ ತನ್ನಿ, ಇಲ್ಲಿ ತೊಳೆದು ಒಣಗಿಸುವ.

ಕಾಂಕ್ರೀಟ್ ಏರಿನಲ್ಲಿ ಜೀಪಿನ ಚಕ್ರ ಹೋಗಿ ಹೋಗಿ ಎರಡು ಪಟ್ಟಿ ಬೆಳ್ಳಗೆ ಇರ್ತದೆ, ನಡುವೆಯೂ ಅಂಚಿನಲ್ಲೂ ಪಾಚಿ. ಜೀಪು ಹೋಗದ ನಿಮ್ಮ ದಾರಿಯಲ್ಲಿ ಆ ಪಟ್ಟಿಯೂ ಇರಲಿಕ್ಕಿಲ್ಲ. ಹಾಗಾದರೆ ಮಳೆ ಶುರುವಾಗುವ ಮೊದಲೊಮ್ಮೆ, ಆಟಿ ತಿಂಗಳಲ್ಲೊಮ್ಮೆ (ಜುಲೈ-ಆಗಸ್ಟ್) ಬ್ಲೀಚಿಂಗ್ ಪೌಡರ್ ಹಾಕಿ ಗಟ್ಟಿ ಹಿಡಿಸೂಡಿಯಲ್ಲಿ ಒಂದೂವರೆ ಅಡಿ ಅಗಲಕ್ಕೆ ಉಜ್ಜಿ. ಎಂಥ ಟಯರೂ ಪಾಚಿಯ ಮೇಲೆ ನಿಲ್ಲುವುದಿಲ್ಲ, ನಿಮ್ಮ ಕೈಚಳಕವೂ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಬಿದ್ದ ಅಡಿಕೆಯ ಸೋಗೆ, ಹಾಳೆ ಕಂಡರೆ ಇಳಿದು ಬದಿಗೆ ಹಾಕಿ ಹೋಗಿ. ಒದ್ದೆ ಹಾಳೆಯ ಮೇಲೆ ಎದುರಿನ ಚಕ್ರ ಹತ್ತಿದರೆ ಗಾಡಿ ಅಡ್ಡವೇ.

ಏರಿಗೆ ಬುಡದಲ್ಲೇ ಎರಡನೇ ಗೇರಿಗೆ ಹಾಕಿ, ಎಕ್ಸಲರೇಟರ್ ಒಂದೇ ಸಮ. ನಡುವೆ ಗೇರ್ ಬದಲಿಸಲಿಕ್ಕೆ ಹೋಗಬೇಡಿ. ಮುರಕಲ್ಲಿನ ದಾರಿಯಲ್ಲಿ ಫುಟ್‌ರೆಸ್ಟಿನ ಮೇಲೆ ಎದ್ದು ನಿಂತು ಮೊಣಕಾಲಿನಲ್ಲಿ ಟ್ಯಾಂಕ್ ಹಿಡಿಯಿರಿ, ಕೈ ಸಡಿಲ ಇರಲಿ, ಕಣ್ಣು ಚಕ್ರದ ಬುಡದಲ್ಲಿ ಬೇಡ, ನಾಲ್ಕು ಮಾರು ಎದುರಿಗೆ. ಇಳಿಯುವಾಗ ಒಂದನೇ ಗೇರು, ಕ್ಲಚ್ ಹಿಡಿಯಲಿಕ್ಕಿಲ್ಲ, ಇಂಜಿನೇ ಗಾಡಿಯನ್ನು ತಡೀತದೆ. ಹಿಂದಿನ ಬ್ರೇಕ್ ಮೆಲ್ಲ ಒತ್ತಿ. ಎದುರಿನ ಡಿಸ್ಕನ್ನು ಒದ್ದೆ ಕಲ್ಲಿನ ಮೇಲೆ ತಿರುವಿನಲ್ಲಿ ಮುಟ್ಟಲೇಬೇಡಿ. ಗಾಳಿ ಸ್ವಲ್ಪ ಕಡಿಮೆ ಇದ್ದರೆ ಹಿಡಿತ ಒಳ್ಳೆಯದು, ಆದರೆ 20 ಪಿಎಸ್‌ಐಗಿಂತ ಕೆಳಗೆ ಬೇಡ. ಇದು ಟ್ಯೂಬಿನ ಗಾಡಿ, ಮುರಕಲ್ಲಿನ ಅಂಚು ರಿಮ್ಮಿಗೆ ಒತ್ತಿ ಟ್ಯೂಬನ್ನು ಚಿವುಟ್ತದೆ.

ತೋಡನ್ನು ಮೊದಲು ಕಾಲಲ್ಲಿ ದಾಟಿ ನೋಡಿ, ನಿನ್ನೆ ಇದ್ದ ತಳ ಇವತ್ತು ಇರುವುದಿಲ್ಲ. ಮಂಡಿಯ ಕೆಳಗೆ ಇದ್ದರೆ ಒಂದನೇ ಗೇರಿನಲ್ಲಿ ನಿಲ್ಲಿಸದೆ ಹೋಗಿ. ಅದಕ್ಕಿಂತ ಹೆಚ್ಚಿದ್ದರೆ ಗಾಡಿ ಈಚೆಯೇ ಇಟ್ಟು ಕಾಲುಸಂಕದಲ್ಲಿ ನಡೆದು ಹೋಗಿ. ನೀರಿನ ನಡುವೆ ಆರಿದರೆ ಸೆಲ್ಫ್ ಒತ್ತಬೇಡಿ, ಒಳಗೆ ನೀರು ಹೋಗಿದ್ದರೆ ಕನೆಕ್ಟಿಂಗ್ ರಾಡ್ ಬಗ್ಗುವುದು ಆಗಲೇ. ದೂಡಿ ದಡಕ್ಕೆ ತಂದು ಪ್ಲಗ್ ಬಿಚ್ಚಿ, ಗಾಡಿಯನ್ನು ಗೇರಿನಲ್ಲಿ ಹಾಕಿ ಹಿಂದಿನ ಚಕ್ರ ಕೈಯಲ್ಲಿ ತಿರುಗಿಸಿ ನೀರು ಹೊರಗೆ ಹಾಕಿ. ಆಯಿಲ್ ಹಾಲಿನ ಬಣ್ಣ ಆಗಿದ್ದರೆ ಓಡಿಸದೆ ಬದಲಿಸಿ, ಸ್ವಲ್ಪ ಓಡಿಸಿ ಇನ್ನೊಮ್ಮೆ ಬದಲಿಸಿ. ಹಾಕುವುದು 10ಡಬ್ಲ್ಯು30, ಜಾಸೋ ಎಂಎ ಎಂದು ಬರೆದದ್ದು. ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರ್ತದೆ. ದಾಟಿದ ಮೇಲೆ ಹಿಂದಿನ ಬ್ರೇಕನ್ನು ಒತ್ತಿಕೊಂಡೇ ಸ್ವಲ್ಪ ದೂರ ಹೋಗಿ, ಡ್ರಮ್ಮಿನೊಳಗಿನ ನೀರು ಒಣಗಲಿ.

ಪೊಸಡಿ ಗುಂಪೆಗೆ ಖಂಡಿತ ಹೋಗಿ, ಆದರೆ ರಸ್ತೆ ಮುಗಿದಲ್ಲಿ ಗಾಡಿ ನಿಲ್ಲಿಸಿ. ಇದು ಅಲ್ಲಿಗೆ ಮಾತ್ರ ಅಲ್ಲ, ಕುಂಬಳೆಯವರಿಗೂ ಹೇಳುವುದು, ನಮ್ಮ ಎಲ್ಲ ಪದವುಗಳಿಗೂ. ಪಾದೆಯ ಮೇಲೆ ಮಣ್ಣು ಇರುವುದೇ ಎರಡು ಬೆರಳು. ಆಗಸ್ಟ್, ಸೆಪ್ಟೆಂಬರಿನಲ್ಲಿ ಅಲ್ಲಿ ನೀಲಿ, ಬಿಳಿ ಹೂಗಳು ತುಂಬುವುದು ಆ ಮಣ್ಣಿನಲ್ಲಿ, ಹುಳ ಹಿಡಿದು ತಿನ್ನುವ ಸಣ್ಣ ಗಿಡಗಳೂ ಅದರಲ್ಲಿ ಉಂಟು. ಗುಬ್ಬಿ ಟಯರ್ ಒಮ್ಮೆ ಎಳೆದ ಗೆರೆಯಲ್ಲಿ ಮಣ್ಣು ತೊಳೆದು ಬರೀ ಕಲ್ಲು ಉಳೀತದೆ.

ಶನಿವಾರ ಬರುವಾಗ ಆರ್‌ಸಿಯ ಒಂದು ಕಾಪಿ ತನ್ನಿ, ಕೋನ್‌ಸೆಟ್ ತರಿಸುವಾಗ ಚಾಸಿ ನಂಬರ್ ಕೇಳ್ತಾರೆ. ಪಿಕಪ್ಪಿನಲ್ಲಿ ಕಟ್ಟುವಾಗ ಹಗ್ಗ ಹ್ಯಾಂಡಲ್ಲಿಗೆ ಹಾಕಬೇಡಿ, ಕೆಳಗಿನ ಕ್ಲಾಂಪಿಗೆ ಹಾಕಿ. ಬೆಳಗ್ಗೆ ಎಂಟರ ಒಳಗೆ ಮುಟ್ಟಿಸಿದರೆ ಸಂಜೆಗೆ ಹ್ಯಾಂಡಲ್ ಕಡೆ ಬಿಚ್ಚಿ ನೋಡಿ ಆಗ್ತದೆ. ಸ್ವಿಂಗ್ ಆರ್ಮಿನ ಬೋಲ್ಟಿಗೆ ನೀವು ಇವತ್ತೇ ಎಣ್ಣೆ ಹೊಡೆಯಲು ಶುರು ಮಾಡಿ.